ಜಾಲಿ ಹಿಮ್ಮಡಿಯ ಬೂಟು

ಕಂಪ್ಲಿಯಲ್ಲಿ ನಾನು ಪಿ.ಟಿ. ಟೀಚರ್ ಆಗಿರುವ ಶಾಲೆಯ ಎದುರಿಗೆ, ಬಸ್ಸು ನಿಲ್ಲುವ ಜಾಗದಲ್ಲಿ, ಒಂದು ಪಂಚರ್ ಅಂಗಡಿಯಿದೆ. ಮೊನ್ನೆ ಸ್ಕೂಟರಿನ ಹಿಂದಿನ ಗಾಲಿ ಕೂತುಹೋಗಿ ಅಲ್ಲಿಗೆ ತಳ್ಳಿಕೊಂಡು ಹೋಗಿದ್ದೆ. ಅಂಗಡಿಯವರು ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ... ಮೂಗಿಗೆ ಚುರುಕ್ಕೆಂದು ತಾಗಿ ಆಮೇಲೆ ಸ್ವಲ್ಪ ಸಿಹಿ ಅನ್ನಿಸುವ ಆ ಅಂಟಿನ ವಾಸನೆ. ಬೇರೆಯವರಿಗೆ ಅದರಿಂದ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗೆ ನೆನಪಾದದ್ದು ಒಂದು ಜೊತೆ ಬೂಟು ಮತ್ತು ಅದನ್ನು ಮಾಡಿಕೊಟ್ಟ ಬಡಿಗ್ಯಾರ ತಾತ.

ಆಗ ನಾವು ಹೊಸಪೇಟೆಯಲ್ಲಿದ್ದೆವು. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡ ಲಾರಿಗಳು ಹಗಲೂ ರಾತ್ರಿ ಸಾಲು ಹಿಡಿದು ಹೋಗುತ್ತಿದ್ದ ಕಾಲ. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗಿರುತ್ತಿತ್ತು. ಅಮ್ಮ ಬಿಳಿ ಬಟ್ಟೆ ಕೊಳ್ಳುವುದನ್ನೇ ಬಿಟ್ಟುಬಿಟ್ಟಿದ್ದಳು. ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಅಪ್ಪನೂ ಊರೆಲ್ಲ ಮಾಡಿದ್ದನ್ನೇ ಮಾಡಿದ, ಒಂದು ಲಾರಿ ತೆಗೆದುಕೊಂಡ. ಕಂಪನಿಯಿಂದ ಬರುವುದು ಇಂಜಿನ್ನು, ಚಾಸಿ ಅಷ್ಟೇ. ಹಿಂದಿನ ಮರದ ಬಾಡಿಯನ್ನು ನಾವೇ ಕಟ್ಟಿಸಿಕೊಳ್ಳಬೇಕು. ನಮ್ಮ ಓಣಿಯ ತುದಿಗೆ ದೊಡ್ಡದೊಂದು ತಗಡಿನ ಶೆಡ್ಡು ಹಾಕಿಕೊಂಡು ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದವರೇ ಈ ತಾತ. ನಮಗೆ ಸಂಬಂಧಿಕರೇನಲ್ಲ, ಓಣಿಗೆಲ್ಲ ಅವರು ತಾತ. ಹರೆಯದಲ್ಲಿ ಕುಸ್ತಿ ಆಡಿ ಆಡಿ ಕಿವಿಗಳು ಜಜ್ಜಿ ಗಂಟುಗಟ್ಟಿದ್ದವು. ಆ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡರೆ ಎಂಥ ಗಾಳಿಗೂ ಬೀಳುತ್ತಿರಲಿಲ್ಲ.

ಶೆಡ್ಡಿನ ಹಿಂದುಗಡೆ ಅವರದೊಂದು ಪುಟ್ಟ ಗರಡಿಯಿತ್ತು. ಗೂಡಿನಲ್ಲಿ ಹನುಮಪ್ಪನ ಪಟ, ಹದವಾಗಿ ಅಗೆದ ಕೆಂಪು ಮಣ್ಣು, ಎತ್ತುವ ಗುಂಡುಕಲ್ಲು, ಲಾರಿಯ ಸವೆದ ಗೇರುಚಕ್ರ ಸಿಕ್ಕಿಸಿದ ಒಂದು ಕಬ್ಬಿಣದ ರಾಡು. ಅವರ ಗುರುಗಳ ಕಾಲದಿಂದ ಬಂದ ನಿಯಮ ಒಂದೇ: ಕಾಲಿಗೆ ಹಾಕಿದ್ದು ಯಾವುದೂ ಹೊಸಿಲು ದಾಟಬಾರದು. ಒಮ್ಮೆ ಒಬ್ಬರು ಲಾರಿ ಮಾಲೀಕರು ಫಳಫಳ ಹೊಳೆಯುವ ಬೂಟು ಹಾಕಿಕೊಂಡು ಒಳಗೆ ಇಣುಕಿದಾಗ ತಾತ ಅವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಲಾರಿಗೆ ಬಾಡಿ ಕಟ್ಟುವಾಗ ಕೆಲಸದವರಿಗೆ ಚಹಾ ಒಯ್ಯುವುದು ನನ್ನ ಪಾಲಿಗೆ ಬಂದಿತ್ತು. ಡಿಗ್ರಿ ಮೊದಲ ವರ್ಷದಲ್ಲಿದ್ದೆ. ಒಂದು ದಿನ ಕೆಲಸದವರು ಆ ರಾಡನ್ನು ಎತ್ತಲಾರದೆ ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ನಾನು ಚಹಾದ ಫ್ಲಾಸ್ಕು ಕೆಳಗಿಟ್ಟು, ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋಗಿ ಎತ್ತಿಬಿಟ್ಟೆ. ಯಾಕೆ ಎತ್ತಿದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಎಲ್ಲರೂ ನನ್ನ ತೋಳು ನೋಡಿದರು. ತಾತ ಮಾತ್ರ ನನ್ನ ಪಾದ ನೋಡುತ್ತಿದ್ದರು.

"ಬೆರಳು ನೋಡ್ರಲೇ," ಎಂದರು ಕೆಲಸದವರಿಗೆ. "ಮಣ್ಣು ಹೆಂಗ ಹಿಡದಾವ. ಯವ್ವಾ, ನಾಳಿಂದ ಮುಂಜಾನಿ ಬಾ."

ಹಾಗೆ ಶುರುವಾಯಿತು. ಒಂದೂವರೆ ವರ್ಷ ಬೆಳಿಗ್ಗೆ ಬೆಳಿಗ್ಗೆ ಆ ಮಣ್ಣಿನ ಮೇಲೆ ಬರಿಗಾಲಲ್ಲಿ ಎತ್ತಿದೆ. ಕೆಳಗೆ ಕೂತು ಏಳುವಾಗ ನನ್ನ ಹಿಮ್ಮಡಿ ನೆಲ ಬಿಡುತ್ತಿತ್ತು. ತಾತ ಅದನ್ನು ಕಂಡು ಹಿಮ್ಮಡಿಗಳ ಕೆಳಗೆ ತೆಳ್ಳಗಿನ ಮರದ ಚಕ್ಕೆ ಇಟ್ಟರು. ಅಷ್ಟರಿಂದಲೇ ಬೆನ್ನು ನೆಟ್ಟಗಾಯಿತು. ಕಾಲೇಜಿನ ಪಿ.ಟಿ. ಸರ್‌ಗೆ ಸುದ್ದಿ ಮುಟ್ಟಿ, ಅವರು ಯೂನಿವರ್ಸಿಟಿ ಮಟ್ಟದ ವೇಟ್‌ಲಿಫ್ಟಿಂಗಿಗೆ ನನ್ನ ಹೆಸರು ಬರೆದರು. ಅಪ್ಪ ಬೇಡ ಅನ್ನಲಿಲ್ಲ, ಆದರೆ ಒಂದು ಷರತ್ತು ಹಾಕಿದ. ಅಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದರೆ ಮುಂದೆ ಪಿ.ಟಿ. ಟೀಚರ್ ಆಗಲು ಬಿ.ಪಿ.ಎಡ್. ಓದಿಸುತ್ತೇನೆ, ಆಗದಿದ್ದರೆ ಈ ಕಬ್ಬಿಣದ ಹುಚ್ಚು ಅಲ್ಲಿಗೇ ಮುಗೀತು. ನನಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ.

ಸ್ಪರ್ಧೆಗೆ ಎಂಟು ದಿನ ಇರುವಾಗ ಪಿ.ಟಿ. ಸರ್ ಕರೆದು, "ಶೂ ಐತಿಲ್ಲಮ್ಮ ನಿಂದು? ಬರಿಗಾಲಾಗ ಬಿಡಂಗಿಲ್ಲ ಅಲ್ಲಿ," ಎಂದರು. ನಾನಾಗಲಿ ತಾತನಾಗಲಿ ಅದನ್ನು ಯೋಚಿಸಿಯೇ ಇರಲಿಲ್ಲ. ಬೂಟು ಹಾಕಿಕೊಂಡು ಎತ್ತಬಹುದು ಎಂಬುದೇ ಆ ಶೆಡ್ಡಿನಲ್ಲಿ ಯಾರ ತಲೆಗೂ ಬರುವ ಮಾತಲ್ಲ.

ಅಪ್ಪ ಆಗ ಅದಿರಿನ ಲೋಡು ತೆಗೆದುಕೊಂಡು ಗೋವಾಕ್ಕೆ ಹೋಗಿದ್ದ. ಫೋನಿನಲ್ಲಿ ಹೇಳಿದ್ದಕ್ಕೆ ಬರುವಾಗ ಒಂದು ಜೊತೆ ಬೂಟು ತಂದ. ನೀಲಿ ಬಣ್ಣ, ಪಕ್ಕಕ್ಕೆ ಬೆಳ್ಳಿ ಪಟ್ಟಿ, ಬೆರಳಿನಿಂದ ಒತ್ತಿದರೆ ಹಾಸಿಗೆಯ ಹಾಗೆ ತಗ್ಗುವ ದಪ್ಪ ಅಟ್ಟೆ. ಅಷ್ಟು ಚಂದದ ಬೂಟನ್ನು ನಮ್ಮ ಓಣಿಯಲ್ಲಿ ಯಾರೂ ಹಾಕಿರಲಿಲ್ಲ.

"ಓಡಾಕೂ ಬರ್ತಾವು, ಜಿಮ್ಮಿಗೂ ಬರ್ತಾವು, ಕಾಲೇಜಿಗೂ ಹಾಕ್ಕಂಡು ಹೋಗಬೌದು," ಎಂದ ಅಪ್ಪ. "ಒಂದು ತಗಂಡ್ರ ಎಲ್ಲಾಕೂ ಆಗ್ಬೇಕು ನೋಡು." ಎರಡು ದಿನ ನಿದ್ದೆಗೆಟ್ಟು ಲಾರಿ ಓಡಿಸಿಕೊಂಡು ಬಂದವನ ಕಣ್ಣುಗಳು ಕೆಂಪಾಗಿದ್ದವು. ಆದರೂ ನಾನು ಹಾಕಿಕೊಂಡು ತೋರಿಸುವವರೆಗೆ ಮಲಗಲಿಲ್ಲ.

ಅದೇ ಸಂಜೆ ತಾತ ನನ್ನನ್ನು ಶೆಡ್ಡಿಗೆ ಕರೆದರು. ಹಿಂದಿನ ದಿನವೇ ನನ್ನ ಪಾದವನ್ನು ಪ್ಲೈವುಡ್ ತುಂಡಿನ ಮೇಲೆ ಇರಿಸಿಕೊಂಡು ಸುತ್ತಲೂ ಪೆನ್ಸಿಲು ಎಳೆದಿದ್ದರು, ಯಾಕೆಂದು ಹೇಳಿರಲಿಲ್ಲ. ಈಗ ನೋಡಿದರೆ, ಶಾಲೆಯ ಮಕ್ಕಳು ಹಾಕುವ ಕ್ಯಾನ್ವಾಸ್ ಬೂಟಿನ ಅಟ್ಟೆ ಕಿತ್ತು, ಹಿಮ್ಮಡಿಗೆ ಲಾರಿ ಬಾಡಿಯ ಜಾಲಿ ಮರವನ್ನು ಇಳಿಜಾರಾಗಿ ಕೆತ್ತಿ ಕೂರಿಸಿದ್ದರು. ಅದರ ತಳಕ್ಕೆ ಹಳೆಯ ಟೈರಿನ ಪಟ್ಟಿ, ಮೇಲೆ ಅಡ್ಡಕ್ಕೆ ಒಂದು ತೊಗಲಿನ ಬೆಲ್ಟು. ಸಲ್ಯೂಷನ್ ಇನ್ನೂ ಹಸಿ ಇತ್ತು, ಶೆಡ್ಡಿನ ತುಂಬ ಅದರದೇ ವಾಸನೆ.

"ಅಪ್ಪ ಶೂ ತಂದಾನ್ರಿ ತಾತ," ಎಂದೆ.

"ನೋಡೀನಿ. ಚಲೋ ಅದಾವು. ಆದ್ರ ಅವು ನಡ್ಯಾಕ ಮಾಡಿದ್ದು ಯವ್ವಾ. ಇವು ನಿಲ್ಲಾಕ ಮಾಡಿದ್ದು. ಭಾರ ಬಿದ್ದಾಗ ಅಲುಗಂಗಿಲ್ಲ."

ಒಳಗೆ ಬೂಟು ತರುವಂತಿಲ್ಲವಲ್ಲ, ಅದಕ್ಕೆ ತಾತ ಶೆಡ್ಡಿನ ಮುಂದೆ ಓಣಿಯಲ್ಲೇ ಹಲಗೆ ಹಾಸಿ ರಾಡು ತಂದಿಟ್ಟಿದ್ದರು. ನಾನು ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟೆ. ಟಕ್ ಟಕ್ ಎಂದು ಸದ್ದು. ಆಚೆ ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ, "ಲಾಳ ಹೊಡಿಸ್ಯಾರಲೇ!" ಎಂದು ಕೂಗಿದ. ಎಲ್ಲರೂ ನಕ್ಕರು. ನಾನು ಅಲ್ಲೇ ಬಗ್ಗಿ ಬೆಲ್ಟು ಬಿಚ್ಚಿ ಬೂಟು ತೆಗೆದು ತಾತನ ಮುಂದಿಟ್ಟೆ. "ನಾನು ಅಪ್ಪ ತಂದದ್ದನ್ನೇ ಹಾಕ್ಕಂತೀನ್ರಿ" ಎಂದೆ. ನಾಚಿಕೆಗೆ ಹಾಗೆ ಮಾಡಿದೆನೋ, ಅಪ್ಪನ ಕೆಂಪು ಕಣ್ಣು ನೆನಪಾಗಿ ಮಾಡಿದೆನೋ... ಎರಡೂ ಇತ್ತು. ನಾಚಿಕೆಯೇ ಹೆಚ್ಚಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

"ಆಗ್ಲಿ ಯವ್ವಾ. ಕಾಲು ನಿಂದು," ಎಂದರು ತಾತ. ಬೇಜಾರು ತೋರಿಸಲಿಲ್ಲ. ಉಳಿದ ದಿನಗಳೆಲ್ಲ ನಾನು ಎಂದಿನಂತೆ ಒಳಗೆ, ಮಣ್ಣಿನ ಮೇಲೆ, ಬರಿಗಾಲಲ್ಲೇ ಎತ್ತಿದೆ. ನೀಲಿ ಬೂಟನ್ನು ಹಾಕಿಕೊಂಡು ಒಂದು ಸಲವೂ ಎತ್ತಿ ನೋಡಲಿಲ್ಲ. ಎಂಥ ದಡ್ಡತನ!

ಸ್ಪರ್ಧೆ ಬಳ್ಳಾರಿಯಲ್ಲಿತ್ತು. ಅಪ್ಪ ಲಾರಿಯನ್ನು ಊರಲ್ಲೇ ನಿಲ್ಲಿಸಿ ಬಂದಿದ್ದ. ಅವನ ಪಕ್ಕದಲ್ಲಿ ತಾತ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಒಂದು ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದರು. ಎರಡು ಬಗೆಯಲ್ಲಿ ಎತ್ತಬೇಕು. ಮೊದಲನೆಯದರಲ್ಲಿ ಹೇಗೋ ಪಾರಾದೆ. ಎರಡನೆಯದು ರಾಡನ್ನು ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು. ಮೂರು ಅವಕಾಶ. ಮೂರರಲ್ಲಿ ಒಂದೂ ಆಗದಿದ್ದರೆ ಮೊದಲು ಎತ್ತಿದ್ದೂ ಲೆಕ್ಕಕ್ಕಿಲ್ಲ.

ರಾಡು ಭುಜಕ್ಕೆ ಬಂತು. ಭಾರ ಬಿದ್ದ ಕೂಡಲೇ ಆ ಮೆತ್ತನೆಯ ಅಟ್ಟೆ ಒಂದು ಬದಿಗೆ ತಗ್ಗಿತು. ಬೆರಳುಗಳು ನೆಲ ಹುಡುಕಿದವು. ನೆಲ ಎಲ್ಲಿಯೂ ಸಿಗಲಿಲ್ಲ. ರಾಡು ಮುಂದಕ್ಕೆ ಬಿತ್ತು. ಎರಡನೆಯ ಸಲವೂ ಹಾಗೇ. ಮೂರನೆಯದಕ್ಕೆ ಮುಂಚೆ ತಿರುಗಿ ನೋಡಿದೆ. ತಾತ ಚೀಲದ ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಕರೆಯಲಿಲ್ಲ, ಸನ್ನೆ ಮಾಡಲಿಲ್ಲ. ಪಕ್ಕದಲ್ಲಿ ಅಪ್ಪನಿದ್ದನಲ್ಲ. ಕೇಳಬೇಕಾದವಳು ನಾನು. ನಾಲ್ಕು ಹೆಜ್ಜೆ ನಡೆದುಹೋಗಿ ಕೈ ಚಾಚಿದ್ದರೆ ಆಗುತ್ತಿತ್ತು. ನಾನು ಹೋಗಲಿಲ್ಲ. ಮೂರನೆಯದೂ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಚೀಲದೊಳಗೆ ಮರದ ಹಿಮ್ಮಡಿಗಳು ಟಕ್ ಎಂದು ಒಂದಕ್ಕೊಂದು ತಾಗುತ್ತಿದ್ದವು. ಹೊಸಪೇಟೆ ಬರುವವರೆಗೂ ಆ ಸದ್ದು ಕೇಳಿಸಿಕೊಂಡು ಕೂತೆ.

ಮರುದಿನ ತಾತ ನಮ್ಮ ಮನೆಗೆ ಬಂದರು. ಅಪ್ಪ ಆಗಲೇ "ಸಾಕು" ಎಂದು ಹೇಳಿಬಿಟ್ಟಿದ್ದ. "ಬರ್ರಿ, ಕುಂದ್ರಿ" ಎಂದು ಕಟ್ಟೆಯ ಮೇಲೆ ಚಾಪೆ ಹಾಸಿದರೂ ತಾತ ಕೂರಲಿಲ್ಲ.

"ಹುಡುಗಿದು ತಪ್ಪಿಲ್ಲ, ನಿಂದೂ ತಪ್ಪಿಲ್ಲ," ಎಂದರು ಅಪ್ಪನಿಗೆ. "ತಪ್ಪು ನಂದು. ಒಳಗ ಬೂಟು ಬ್ಯಾಡ ಅಂತ ನಾನು ಹಠ ಹಿಡದೆ. ಅಕೀನ್ನ ತಗಂಡು ಹೋಗಿ ಓಣ್ಯಾಗ ನಿಲ್ಸಿದೆ, ನಾಕ ಮಂದಿ ನಗಂಗ ಮಾಡಿದೆ. ಬೂಟು ಹಾಕ್ಕಂಡು ಒಂದಿನಾನೂ ಎತ್ತಿರಲಿಲ್ಲ ಅಕಿ. ಇನ್ನೊಂದು ವರ್ಷ ಬಿಡು. ನನ್ನ ಮಾತಿಗೆ ಬಿಡು."

ಅಪ್ಪ ಒಳಗೆ ತಿರುಗಿ, ಚಹಾ ಮಾಡು ಎಂದು ಅಮ್ಮನಿಗೆ ಹೇಳಿದ. ಅವನು ಒಪ್ಪಿದ್ದು ಹಾಗೆ.

ಮಾರನೆಯ ಬೆಳಿಗ್ಗೆ ಗರಡಿಗೆ ಹೋದಾಗ ಹೊರಗೆ ಗೋಡೆಗೆ ಒರಗಿಸಿ ಜಾಲಿ ಹಿಮ್ಮಡಿಯ ಬೂಟು ಇಟ್ಟಿದ್ದರು. ತಾತ ಒಳಗಿದ್ದರು. "ಹಾಕ್ಕಂಡೇ ಬಾ," ಎಂದರು. ನಾನು ಹೊಸಿಲಿನ ಹೊರಗೇ ನಿಂತೆ. ಒಳಗೆ ಆ ಕೆಂಪು ಮಣ್ಣು ಕಾಣಲಿಲ್ಲ. ಅದರ ಮೇಲೆ ಲಾರಿಗೆ ಹಾಕುವ ಹಲಗೆಗಳನ್ನು ಜೋಡಿಸಿ ಮೊಳೆ ಹೊಡೆದಿದ್ದರು.

"ಮಣ್ಣು ತಾತ?" ಎಂದೆ.

"ಕೆಳಗೈತಿ. ಎಲ್ಲಿ ಹೊಕ್ಕೈತಿ? ನೀ ಬಾ."

ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಹನುಮಪ್ಪನ ಪಟ ನೋಡುತ್ತಿದ್ದರು. ಜೀವಮಾನವಿಡೀ ಕಾಯ್ದ ನಿಯಮವನ್ನು ನನ್ನ ಸಲುವಾಗಿ ಮುರಿದಿದ್ದರು. ಟಕ್ ಎಂದು ಸದ್ದು ಮಾಡಿಕೊಂಡು ನಾನು ಒಳಗೆ ಹೋದೆ. ಅಳು ಬಂತು, ಅತ್ತುಬಿಟ್ಟೆ. ತಾತ ಬೈದರು, ಆಮೇಲೆ ಎತ್ತಿದೆ.

ಮುಂದಿನ ವರ್ಷ ಅದೇ ಬೂಟು ಹಾಕಿಕೊಂಡು ಎರಡನೆಯ ಸ್ಥಾನಕ್ಕೆ ಬಂದೆ, ತಂಡಕ್ಕೆ ಆಯ್ಕೆಯಾದೆ. ಅಪ್ಪ ಮಾತಿಗೆ ತಪ್ಪದೆ ಬಿ.ಪಿ.ಎಡ್. ಓದಿಸಿದ. ನೀಲಿ ಬೂಟನ್ನು ಅಮ್ಮ ಹಾಕಿಕೊಂಡಳು. ಸಕ್ಕರೆ ಕಾಯಿಲೆಗೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದರಿಂದ, ಸೀರೆಯ ಕೆಳಗೆ ಅದನ್ನು ತೊಟ್ಟು ಕಾಲುವೆಯ ದಂಡೆಯ ಮೇಲೆ ವರ್ಷಗಟ್ಟಲೆ ನಡೆದಳು. ಎಲ್ಲದಕ್ಕೂ ಆಗಬೇಕು ಎಂದು ಅಪ್ಪ ತಂದದ್ದು ದಂಡವಾಗಲಿಲ್ಲ.

ಆಮೇಲೆ ಗಣಿಗಳು ನಿಂತವು. ಲಾರಿಗಳು ರಸ್ತೆಯ ಬದಿಗೆ ನಿಂತು ತುಕ್ಕು ಹಿಡಿದವು. ಬಾಡಿ ಕಟ್ಟಿಸುವವರೇ ಇಲ್ಲದೆ ತಾತನ ಶೆಡ್ಡು ಮುಚ್ಚಿತು. ಅವರು ಮೆಟ್ರಿ ಎಂಬ ಹಳ್ಳಿಯಲ್ಲಿದ್ದ ಮಗಳ ಮನೆಗೆ ಹೋಗಿ ಉಳಿದರು. ನನಗೆ ಕೆಲಸ ಸಿಕ್ಕಿದ್ದು ಕಂಪ್ಲಿಯಲ್ಲಿ. ಮೆಟ್ರಿಗೆ ಎಷ್ಟು ದೂರ? ಸ್ಕೂಟರಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಒಮ್ಮೆ ಹೋಗಿಬಂದೆ. ಮುಂದಿನ ಸಲ ಆ ಬೂಟನ್ನು ತೆಗೆದುಕೊಂಡು ಹೋಗಿ ತೋರಿಸಬೇಕು ಎಂದುಕೊಂಡು ಅಟ್ಟದಿಂದ ಇಳಿಸಿದರೆ, ಹಿಮ್ಮಡಿಯ ಮರ ಒಡೆದು ಅಂಟು ಬಿಟ್ಟಿತ್ತು. ಅಷ್ಟರಲ್ಲಿ ನಾನು ಅಂಗಡಿಯಿಂದ ತರಿಸಿದ ವೇಟ್‌ಲಿಫ್ಟಿಂಗ್ ಬೂಟು ಹಾಕತೊಡಗಿ ಎಷ್ಟೋ ಕಾಲವಾಗಿತ್ತು. ಒಡಕು ಬೂಟು ತೋರಿಸಿದರೆ ತಾತ ನೊಂದುಕೊಳ್ಳುತ್ತಾರೆ, ಸರಿ ಮಾಡಿಸಿಕೊಂಡೇ ಹೋಗೋಣ ಎಂದುಕೊಂಡೆ. ಈ ಭಾನುವಾರ, ಬರುವ ಭಾನುವಾರ... ಹಾಗೆ ಎಷ್ಟು ಭಾನುವಾರ ಕಳೆದೆನೋ.

ಹೋದ ವರ್ಷ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಾತನ ಮಗಳು ನನ್ನನ್ನು ಕೂರಿಸಿ, ನೀರು ಕೊಟ್ಟು, ಒಳಗಿನಿಂದ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದನ್ನು ತಂದುಕೊಟ್ಟರು.

"ಕಂಪ್ಲಿ ಟೀಚರು ಬರ್ತಾಳ, ಹಿಮ್ಮಡಿ ಸವದಿರ್ತಾವು ಅಕೀವು ಅಂತ ಕುಂತು ಕೆತ್ತಿದ್ರು ನೋಡ್ರಿ," ಎಂದರು. "ಕೈ ನಡುಗ್ತಿದ್ವು. ಬ್ಯಾಡ ಅಂದ್ರೂ ಕೇಳ್ಲಿಲ್ಲ."

ಬಿಚ್ಚಿದೆ. ಎರಡು ಜಾಲಿ ಹಿಮ್ಮಡಿ. ಒಂದರ ಮೇಲೆ 'ಬಲ', ಒಂದರ ಮೇಲೆ 'ಎಡ' ಎಂದು ಪೆನ್ಸಿಲಿನಲ್ಲಿ ಬರೆದಿತ್ತು.

ಒಂದು ವರ್ಷ ಅವು ನನ್ನ ಬೀರುವಿನಲ್ಲಿದ್ದವು. ಮುಟ್ಟುವ ಧೈರ್ಯವಾಗಿರಲಿಲ್ಲ. ಮೊನ್ನೆ ಆ ವಾಸನೆ ಬಡಿದ ಮೇಲೆ ಮನೆಗೆ ಹೋಗಿ, ಬೂಟನ್ನೂ ಗಂಟನ್ನೂ ತೆಗೆದುಕೊಂಡು ಮತ್ತೆ ಪಂಚರ್ ಅಂಗಡಿಗೆ ಬಂದೆ. ಅಂಗಡಿಯವರು ತಿರುವಿ ಮುರುವಿ ನೋಡಿ, ಹಳೆಯದನ್ನು ಕೆರೆದು ತೆಗೆದು, ಹೊಸ ಹಿಮ್ಮಡಿಗಳನ್ನು ಅಂಟಿಸಿ, ನಾಲ್ಕು ಮೊಳೆ ಹೊಡೆದು ಕೊಟ್ಟರು. ಒಣಗುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ.

"ಹಾಕ್ಕಂಡು ನಾಕ ಹೆಜ್ಜಿ ನಡದು ನೋಡ್ರಿ ಮೇಡಂ," ಎಂದರು.

"ಇವು ನಡ್ಯಾಕಲ್ರಿ," ಎಂದೆ.

ಹಾಕಿಕೊಂಡು, ಬೆಲ್ಟು ಬಿಗಿದು, ಎದ್ದು ನಿಂತೆ. ನೋಡದೆ, ಅಳೆಯದೆ, ಇಷ್ಟು ವರ್ಷಗಳ ಮೇಲೆ ನಡುಗುವ ಕೈಯಿಂದ ಕೆತ್ತಿದ್ದು. ಅಳತೆ ಕೂದಲಷ್ಟೂ ತಪ್ಪಿರಲಿಲ್ಲ. ಮೆಟ್ರಿಯ ಬಸ್ಸು ಬಂತು, ಜನ ಹತ್ತಿದರು, ಹೋಯಿತು. ನಾನು ನಿಂತೇ ಇದ್ದೆ.