ಚೆಂಡೆ ಕೇಳಿಸುವ ಪೆಟ್ಟಿಗೆ

ನನ್ನ ಸ್ನೇಹಿತ ಆಟಕ್ಕೆ ಬರುವುದನ್ನು ನಿಲ್ಲಿಸಿ ಎರಡು ವರ್ಷವಾಗಿತ್ತು. ಆಟ ಅಂದರೆ ನಮ್ಮಲ್ಲಿ ಯಕ್ಷಗಾನ. ಮಿಕ್ಕ ಆಟಗಳಿಗೆಲ್ಲ ಬೇರೆ ಬೇರೆ ಹೆಸರುಗಳಿವೆ, ಇದಕ್ಕೆ ಮಾತ್ರ ಬರೀ ಆಟ ಎಂದರೆ ಸಾಕು. ಅವನು ಹೊಳೆಯಾಚೆಯ ಬೆಂಗ್ರೆಯವನು, ತಲೆತಲಾಂತರದಿಂದ ಮೀನುಗಾರರ ಮನೆ. ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ನಾನು ಈಚೆ ನಗರದೊಳಗಿನ ಕುದ್ರೋಳಿಯವನು, ಅಪ್ಪ ಬಿಟ್ಟುಹೋದ ಕೊಡೆ ಮತ್ತು ಚೀಲದ ಅಂಗಡಿಯಲ್ಲಿ ಕೂರುತ್ತೇನೆ. ಹೈಸ್ಕೂಲಿನ ಕಾಲದಿಂದ ನಾವಿಬ್ಬರೂ ಆಟ ನೋಡಿದ್ದು ಜೊತೆಯಲ್ಲೇ. ಒಬ್ಬನೇ ಹೋಗಿ ಕೂತರೆ ನನಗೆ ಆಟ ರುಚಿಸುವುದಿಲ್ಲ. ವೇಷಧಾರಿ ಹೆಜ್ಜೆ ತಪ್ಪಿದರೆ ಪಕ್ಕಕ್ಕೆ ತಿರುಗಿ ಬೈಯಲು ಒಬ್ಬ ಬೇಕಲ್ಲವೇ? ಪಕ್ಕದಲ್ಲಿ ಯಾರೋ ಅಪರಿಚಿತರು ಕೂತು ಚರುಮುರಿ ತಿನ್ನುತ್ತಿದ್ದರೆ ಯಾರಿಗೆ ಹೇಳುವುದು?

ಅವನು ಬಾರದಿರಲು ಕೊಟ್ಟ ಕಾರಣ ಚೆಂಡೆ. "ಈಗಿನ ಆಟದಲ್ಲಿ ಎಂತ ಉಂಟು ಮಾರಾಯ? ಮೊದಲು ಒಂದು ಪೆಟ್ಟು ಬಿದ್ದರೆ ಎದೆಗೆ ತಾಗ್ತಿತ್ತು. ಈಗಿನ ಹುಡುಗರು ಚೆಂಡೆ ಬಾರಿಸುವುದಲ್ಲ, ಬಟ್ಟೆಯಲ್ಲಿ ಒರೆಸುವುದು" ಎನ್ನುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು. ನಾವು ಯಾವಾಗಲೂ ನೋಡುವ ಮೇಳಕ್ಕೆ ಎರಡು ವರ್ಷದ ಹಿಂದೆ ಸೇರಿದ ಚೆಂಡೆಯವನು ಒಳ್ಳೆಯ ಕೈಯವನು. ಅವನ ಪೆಟ್ಟು ಬಿದ್ದರೆ ಹಿಂದಿನ ಸಾಲಿನಲ್ಲಿ ತೂಕಡಿಸುವವರೂ ಎದ್ದು ಕೂರುತ್ತಾರೆ. ಅದೇ ಚೆಂಡೆಯವನು ಬಾರಿಸಿದ ಒಂದು ಯುದ್ಧದ ಪದ್ಯವನ್ನು ಫೋನಿಗೆ ಕಳಿಸಿದರೆ, "ಫೋನಿನಲ್ಲಿ ಎಂತ ಗೊತ್ತಾಗ್ತದೆ? ಎಲ್ಲ ತಗಡಿನ ಶಬ್ದವೇ" ಎಂದು ಉತ್ತರ ಬಂತು.

ಆಗ ನನಗೆ ಹಠ ಹಿಡಿಯಿತು. ಆಗಲಿ, ಒಳ್ಳೆಯ ಯಂತ್ರದಲ್ಲೇ ಕೇಳಿಸುತ್ತೇನೆ, ಚೆಂಡೆ ಲಾಯ್ಕ ಉಂಟು ಎಂದು ನಿನ್ನ ಬಾಯಿಂದಲೇ ಹೇಳಿಸುತ್ತೇನೆ ಎಂದೆ. ಅವನು ಒಪ್ಪಿದರೆ ದೀಪಾವಳಿ ಕಳೆದು ಮೇಳ ತಿರುಗಾಟಕ್ಕೆ ಹೊರಟ ಮೇಲೆ ನನ್ನ ಜೊತೆ ಆಟಕ್ಕೆ ಬರಬೇಕು, ತಪ್ಪಿಸಬಾರದು. ಒಪ್ಪದಿದ್ದರೆ ಆಟದ ಸುದ್ದಿಯನ್ನೇ ನಾನು ಇನ್ನು ಅವನ ಮುಂದೆ ಎತ್ತಬಾರದು. ಇದು ಪಂಥ. ಮಳೆಗಾಲ ಶುರುವಾಗಿ ಬೋಟುಗಳು ದಡದಲ್ಲಿದ್ದವು, ಅವನಿಗೂ ಪುರುಸೊತ್ತಿತ್ತು.

ನನ್ನಲ್ಲಿ ಒಂದು ಒಳ್ಳೆಯ ಹೆಡ್‌ಫೋನ್ ಇತ್ತು. ಭಾವ ಗಲ್ಫಿನಿಂದ ಬರುವಾಗ ತಂದುಕೊಟ್ಟದ್ದು, ಎರಡು ಕಿವಿಯನ್ನೂ ಪೂರ್ತಿ ಮುಚ್ಚುವಂಥದ್ದು. ಹಳೆಯದಾಗಿ ಎಡ-ಬಲದ ಗುರುತು ಅಳಿಸಿಹೋಗಿತ್ತು. ವಯರು ಹೊರಡುವ ಬದಿ ಎಡ ಎಂದು ನೆನಪಿಟ್ಟುಕೊಂಡಿದ್ದೆ. ಆದರೆ ಫೋನಿಗೆ ಸಿಕ್ಕಿಸಿದರೆ ಅದು ಮುಲುಗುತ್ತಿತ್ತು, ಅಷ್ಟೆ. ಅಂಥ ಹೆಡ್‌ಫೋನನ್ನು ಎಬ್ಬಿಸಲು ಹೊರಗಿನಿಂದ ಡ್ಯಾಕ್ ಎಂಬ ಒಂದು ಪೆಟ್ಟಿಗೆ ಬೇಕು ಎಂದು ಓದಿದೆ. ಫೋನಿನೊಳಗೆ ಹಾಡು ಇರುವುದು ಬರೀ ಅಂಕಿಗಳಾಗಿ; ಆ ಅಂಕಿಯನ್ನು ಶಬ್ದ ಮಾಡುವುದು ಡ್ಯಾಕಿನ ಕೆಲಸ, ಶಬ್ದಕ್ಕೆ ರಟ್ಟೆಬಲ ಕೊಡುವುದು ಆಂಪಿನ ಕೆಲಸ. ಕಡಿಮೆ ಬೆಲೆಯವುಗಳಲ್ಲಿ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಇಷ್ಟು ತಿಳಿಯಲು ಎಷ್ಟು ವಿಡಿಯೋ ನೋಡಿದೆನೋ. ಅಂಗಡಿಗೆ ಬಂದವರು ಕೊಡೆ ಕೇಳಿದರೆ ಚೀಲ ತೆಗೆದುಕೊಡುವ ಹಾಗಾಯಿತು.

ಮೊದಲು ತರಿಸಿದ್ದು ಬೆರಳುದ್ದದ್ದು, ಬಾಲದಂಥ ವಯರಿನ ತುದಿಗೆ ಫೋನಿನ ಪಿನ್ನು. ಹೆಂಡತಿಗೆ ಕೇಳಿಸಿದೆ. "ಲಾಯ್ಕ ಉಂಟು. ಫೋನಿನಲ್ಲಿಯೂ ಲಾಯ್ಕ ಇತ್ತು" ಎಂದಳು. ಸರಿಯಾಗಿ ಕೇಳು, ಭಾಗವತರು ಎದುರೇ ಕೂತ ಹಾಗೆ ಇಲ್ಲವೇ ಎಂದೆ. "ನಿಮಗೆ ಮಂಡೆ ಸಮ ಉಂಟಾ?" ಎಂದು ಹೆಡ್‌ಫೋನ್ ತೆಗೆದಿಟ್ಟು ಒಳಗೆ ಹೋದಳು. ನನಗೇನೋ ವ್ಯತ್ಯಾಸ ಸ್ಪಷ್ಟವಾಗಿತ್ತು. ಆ ಧ್ವನಿಮುದ್ರಣದಲ್ಲಿ ಭಾಗವತರ ಸ್ವರ ನಡುವೆ, ಮದ್ದಳೆ ಬಲಗಿವಿಗೆ, ಚೆಂಡೆ ಎಡಗಿವಿಗೆ. ಎಡಗಿವಿ ಝುಂ ಎನ್ನುತ್ತಿತ್ತು. ಪಂಥ ಗೆದ್ದೇ ಬಿಟ್ಟೆ ಅಂದುಕೊಂಡೆ.

ಭಾನುವಾರ ಹಳೆ ಬಂದರಿನಿಂದ ಫೆರಿ ಹತ್ತಿ ಬೆಂಗ್ರೆಗೆ ಹೋದೆ. ಜಗಲಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದವನ ತಲೆಗೆ ನಾನೇ ಹೆಡ್‌ಫೋನ್ ಇಟ್ಟೆ. ಅವನು ಕಣ್ಣು ಮುಚ್ಚಿ ಪದ್ಯ ಮುಗಿಯುವವರೆಗೆ ಕೇಳಿದ. ಕೊನೆಗೆ, "ಭಾಗವತರು ಲಾಯ್ಕ. ಮದ್ದಳೆ ಲಾಯ್ಕ. ಚೆಂಡೆ ಎಲ್ಲಿ ಉಂಟು?" ಎಂದ.

ತಮಾಷೆ ಎಂದುಕೊಂಡೆ. ಮತ್ತೆ ಹಾಕಿದೆ. "ದೂರದಲ್ಲಿ ಎಲ್ಲೋ ಯಾರೋ ಬಾಗಿಲು ಬಡಿದ ಹಾಗೆ ಕೇಳ್ತದೆ. ಅದಾ ಚೆಂಡೆ?" ಎಂದ. ನನಗೆ ಮಂಡೆ ಬೆಚ್ಚವಾಯಿತು. ಬೇಕೆಂದೇ ಹೇಳುತ್ತಿದ್ದಾನೆ, ಸೋಲೊಪ್ಪಲು ಮನಸ್ಸಿಲ್ಲ ಎಂದು ಮುಖದ ಮೇಲೆಯೇ ಹೇಳಿದೆ. ಅವನೂ ಬಿಡಲಿಲ್ಲ. ಅವನ ಹೆಂಡತಿ ಚಾ ತಂದವಳು, "ಅಣ್ಣ, ಇವರ ಹತ್ರ ಎಂತ ವಾದ ಮಾಡ್ತೀರಿ? ನಾನು ಇಲ್ಲೇ ನಿಂತು ಕರೆದರೆ ಇವರಿಗೆ ಕೇಳುವುದಿಲ್ಲ. ಮೀನು ಕಾಯಿಸಿದರೆ ಮಾತ್ರ ಕರೆಯದಿದ್ದರೂ ಬರ್ತಾರೆ" ಎಂದಳು. ಎಲ್ಲರೂ ನಕ್ಕೆವು.

ಎರಡನೆಯದು ರಜೆಗೆ ಊರಿಗೆ ಬಂದಿದ್ದ ಭಾವನಿಂದ ಎರವಲು ತಂದದ್ದು, ಸೋಪಿನ ಗಾತ್ರದ್ದು, ಒಳಗೆ ಅದರದ್ದೇ ಬ್ಯಾಟರಿ. ಬೆರಳುದ್ದದ್ದರಲ್ಲಿ ಭಾಗವತರ ಸ್ವರ ಏರುವಾಗ ಸ್ವಲ್ಪ ಚುಚ್ಚುತ್ತಿತ್ತು. ಇದರಲ್ಲಿ ಚುಚ್ಚುವುದಿಲ್ಲ, ಆದರೆ ಮದ್ದಳೆ ಬೇಕಾದ್ದಕ್ಕಿಂತ ಉಬ್ಬುತ್ತದೆ, ಹಾಡು ನಿಂತಾಗ ಹಿಂದಿನಿಂದ ಸಣ್ಣಗೆ ಸುಯ್ ಎನ್ನುತ್ತದೆ. ಚೆಂಡೆ ಮಾತ್ರ ಎರಡರಲ್ಲೂ ಬಲವಾಗಿಯೇ ಇತ್ತು. ಮತ್ತೆ ಫೆರಿ, ಮತ್ತೆ ಜಗಲಿ. ಅವನು ಕೇಳಿ, "ಮದ್ದಳೆ ಮೊದಲಿಗಿಂತ ಜೋರುಂಟು. ಚೆಂಡೆಯವನಿಗೆ ಆ ದಿನ ಹುಷಾರಿರಲಿಲ್ಲವಾ?" ಎಂದ. ಮದ್ದಳೆ ಉಬ್ಬಿದ್ದು ಕೂಡ ಅವನಿಗೆ ಗೊತ್ತಾಗಿತ್ತು. ಅಂದರೆ ಸುಳ್ಳು ಹೇಳುತ್ತಿಲ್ಲ. ಹಾಗಾದರೆ ಯಂತ್ರದ್ದೇ ದೋಷವಿರಬೇಕು, ಅವನ ಕಿವಿ ನನ್ನದಕ್ಕಿಂತ ಚುರುಕು ಎಂಬ ತೀರ್ಮಾನಕ್ಕೆ ಬಂದೆ. ಆ ಯೋಚನೆಯಿಂದ ನನಗೆ ನಿಜಕ್ಕೂ ಬೇಸರವಾಯಿತು.

ಇನ್ನೂ ಒಳ್ಳೆಯದು ಬೇಕು, ದುಬಾರಿಯಾಗಬಾರದು ಎಂದು ಹುಡುಕುವಾಗ ಕೊಡಿಯಾಲ್‌ಬೈಲಿನ ಫ್ಲ್ಯಾಟೊಂದರಲ್ಲಿ ಒಬ್ಬರು ಹಳೆಯದನ್ನು ಮಾರುತ್ತಾರೆ ಎಂದು ತಿಳಿಯಿತು. ಹೋದರೆ ಊಟದ ಮೇಜಿನ ತುಂಬ ಇಂಥದೇ ಪೆಟ್ಟಿಗೆಗಳು. ಆ ಮನೆಯವರು ಎಲ್ಲಿ ಊಟ ಮಾಡುತ್ತಾರೋ ದೇವರಿಗೇ ಗೊತ್ತು. "ಇದು ಸ್ವಲ್ಪ ವಾರ್ಮ್, ಅದು ಡ್ರೈ, ನಿಮಗೆ ಎಂತದ್ದು ಬೇಕು?" ಎಂದು ಅವರು ವಿಚಾರಿಸಿದರು. ಮೀನಿನ ಸಾರಿನ ಹೋಟೆಲಿಗೆ ಬಂದೆನೋ ಎನಿಸಿತು. "ಚೆಂಡೆ ಕೇಳಬೇಕು ಮಾರ್ರೆ, ಮತ್ತೆಂತ ಬೇಡ" ಎಂದೆ. ಅವರು ಗಂಭೀರವಾಗಿ ಯೋಚಿಸಿ, ಮುಂದೆ ದೊಡ್ಡ ತಿರುಗುಣಿ ಇದ್ದ ಕಪ್ಪು ಪೆಟ್ಟಿಗೆಯೊಂದನ್ನು ಕೊಟ್ಟು, ಮನೆಯಲ್ಲಿ ಕೇಳಿ ನೋಡಿ ಆಮೇಲೆ ಹೇಳಿ ಎಂದರು. ಅದಕ್ಕೆ ಲ್ಯಾಪ್‌ಟಾಪ್ ಬೇಕು. ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದ್ದರೆ ಗುಂಯ್ ಎನ್ನುತ್ತದೆ, ತೆಗೆದರೆ ನಿಲ್ಲುತ್ತದೆ ಎಂಬುದನ್ನೂ ಅವರೇ ಹೇಳಿಕೊಟ್ಟರು. ಇದು ಚುಚ್ಚುವುದೂ ಇಲ್ಲ, ಉಬ್ಬುವುದೂ ಇಲ್ಲ. ಸತ್ಯ ಹೇಳಬೇಕೆಂದರೆ ಮೂರರ ನಡುವೆ ಇದ್ದ ವ್ಯತ್ಯಾಸ ನಾನು ಊರಿಡೀ ಹೇಳಿಕೊಂಡು ತಿರುಗಿದಷ್ಟೇನೂ ಇರಲಿಲ್ಲ.

ಆ ಭಾನುವಾರ ಜೋರು ಮಳೆ. ಲ್ಯಾಪ್‌ಟಾಪು, ಪೆಟ್ಟಿಗೆ, ವಯರು ಎಲ್ಲವನ್ನೂ ಅಂಗಡಿಯ ಅತಿ ಒಳ್ಳೆಯ ಚೀಲದಲ್ಲಿ ತುಂಬಿಸಿ ಫೆರಿಯಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ. ಜಗಲಿಯಲ್ಲಿ ನಾನು ವಯರಿನ ಗಂಟು ಬಿಡಿಸಿ ಸಿಕ್ಕಿಸುತ್ತಿರುವಾಗ ಅವನೇ ಹೆಡ್‌ಫೋನ್ ಎತ್ತಿ ತಲೆಗೆ ಹಾಕಿಕೊಂಡ. ನಾನು ಪದ್ಯ ಶುರುಮಾಡಿದೆ.

ಅವನ ಬೆರಳುಗಳು ತೊಡೆಯ ಮೇಲೆ ಆಡತೊಡಗಿದವು. ಆಮೇಲೆ ತಲೆ. ಪದ್ಯದ ಗತಿ ಬಿರುಸಾಗಿ ಏರುಪೆಟ್ಟು ಬರುವಾಗ ಎರಡೂ ಕೈ ಎತ್ತಿ ಗಾಳಿಯಲ್ಲಿ ಬಾರಿಸುತ್ತಿದ್ದ. "ಇದು" ಎಂದ ಜೋರಾಗಿ, ಹೆಡ್‌ಫೋನ್ ಹಾಕಿದವರೆಲ್ಲ ಕಿರುಚುವ ಹಾಗೆ. "ಇದನ್ನೇ ತಗೊ ನೀನು. ಮೊದಲಿನ ಎರಡೂ ಡಬ್ಬ. ಇದರಲ್ಲಿ ಉಂಟು ನೋಡು ಚೆಂಡೆ. ಎಂಥ ಕೈ ಮಾರಾಯ ಅವನದ್ದು, ನಾನು ಸೋತೆ."

ನನಗೆ ಹಾರಾಡುವಷ್ಟು ಖುಷಿ. ಅವನ ತಲೆಯಿಂದ ಅದನ್ನು ತೆಗೆದು, ಅವನು ಹಾಕಿದ ಹಾಗೆಯೇ ನನ್ನ ತಲೆಗೆ ಹಾಕಿಕೊಂಡೆ. ಚೆಂಡೆ ನನ್ನ ಬಲಗಿವಿಯಲ್ಲಿ ಬಾರಿಸುತ್ತಿತ್ತು. ಮುಟ್ಟಿ ನೋಡಿದೆ. ವಯರು ಬಲಬದಿಯಿಂದ ಇಳಿದಿತ್ತು. ಅವನು ಹೆಡ್‌ಫೋನನ್ನು ತಿರುವುಮುರುವು ಹಾಕಿಕೊಂಡಿದ್ದ.

ಸುಮ್ಮನಿರಬಹುದಿತ್ತು. ಪಂಥ ಗೆದ್ದಾಗಿತ್ತು, ಅವನು ಆಟಕ್ಕೆ ಬರುವುದು ಖಚಿತವಾಗಿತ್ತು. ಆದರೆ ಬಂದು ಕೂತು, ಮತ್ತೆ ಅದೇ ಚೆಂಡೆಗೆ ಬೈದು, ಮತ್ತೆ ಎದ್ದು ಹೋಗುತ್ತಿದ್ದ. ಹೆಡ್‌ಫೋನನ್ನು ಸರಿ ಬದಿಗೆ ತಿರುಗಿಸಿ ಅವನ ತಲೆಗಿಟ್ಟೆ. ಬೆರಳುಗಳು ನಿಂತವು. "ಎಂತ ಮಾಡಿದೆ? ಚೆಂಡೆ ಹೋಯ್ತು" ಎಂದ. ತಿರುಗಿಸಿದೆ, ಬೆರಳುಗಳು ಮತ್ತೆ ಆಡಿದವು. ಇನ್ನೊಮ್ಮೆ ತಿರುಗಿಸುವ ಮೊದಲೇ ಅವನಿಗೆ ಗೊತ್ತಾಯಿತು. ಹೆಡ್‌ಫೋನ್ ತೆಗೆದು, ಎಡಗಿವಿಯ ಹತ್ತಿರ ಬೆರಳಿನಲ್ಲಿ ಚಿಟಿಕೆ ಹೊಡೆದ. ಬಲಗಿವಿಯ ಹತ್ತಿರ ಹೊಡೆದ. ಮತ್ತೆ ಎಡಕ್ಕೆ.

ಬೋಟಿನಲ್ಲಿ ಅವನು ಕೂರುವ ಜಾಗದಲ್ಲಿ ಎಂಜಿನ್ ಇರುವುದು ಅವನ ಎಡಕ್ಕೆ. ಅಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು. ಫೋನನ್ನು ಅವನು ಯಾವಾಗಲೂ ಬಲಗಿವಿಗೇ ಹಿಡಿಯುವವನು. ಎಡಗಿವಿ ಮಂದವಾದದ್ದು ಗೊತ್ತಾಗುವುದಾದರೂ ಹೇಗೆ? ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸೆರಗು ಬಾಯಿಗೆ ಹಿಡಿದಳು; ಅವಳು ಯಾವಾಗಲೂ ಕರೆಯುತ್ತಿದ್ದುದು ಅವನ ಎಡಬದಿಯ ಆ ಬಾಗಿಲಿನಿಂದಲೇ. ಅವನು ಹೆಡ್‌ಫೋನನ್ನು ನನ್ನ ಮಡಿಲಿಗಿಟ್ಟ.

"ಹಾಗಾದ್ರೆ ಆ ಚೆಂಡೆಯವನಿಗೆ ಎರಡು ವರ್ಷ ನಾನು ಬೈದದ್ದು?"

"ಅವನಿಗೆ ಗೊತ್ತೇ ಇಲ್ಲ ಮಾರಾಯ. ಬೈಗುಳ ಪೂರಾ ತಿಂದದ್ದು ನಾನು" ಎಂದೆ. ಅವನ ಹೆಂಡತಿಯೇ ಮೊದಲು ನಕ್ಕಳು. ಆಮೇಲೆ ಮೂವರೂ, ಕಣ್ಣಲ್ಲಿ ನೀರು ಬರುವವರೆಗೆ.

ಡಾಕ್ಟರ ಹತ್ತಿರ ಅವಳೇ ಎಳೆದುಕೊಂಡು ಹೋದಳು. ಎಡಗಿವಿಯಲ್ಲಿ ಹೋದ ಶಕ್ತಿ ಹೆಚ್ಚಿನದೂ ಹಿಂದೆ ಬರುವುದಿಲ್ಲ, ಬಲಗಿವಿಯನ್ನು ಕಾಪಾಡಿಕೊಳ್ಳಿ ಎಂದರಂತೆ. ಈಗ ಎಂಜಿನ್ ಹತ್ತಿರ ಕಿವಿ ಮುಚ್ಚುವ ದಪ್ಪ ಸಾಧನ ಹಾಕಿಕೊಳ್ಳುತ್ತಾನೆ. "ನನಗೂ ಒಂದು ಹೆಡ್‌ಫೋನ್ ಉಂಟು ಈಗ. ಅದರಲ್ಲಿ ಎಂತದೂ ಕೇಳುವುದಿಲ್ಲ, ಅದೇ ಅದರ ಕ್ವಾಲಿಟಿ" ಎನ್ನುತ್ತಾನೆ. ಎರಡು ಬದಿಯ ಶಬ್ದವನ್ನೂ ಒಂದೇ ಮಾಡುವ ವ್ಯವಸ್ಥೆ ಅವನ ಫೋನಿನೊಳಗೇ ಇತ್ತು. ಅದನ್ನು ಒತ್ತಿಕೊಟ್ಟು, ಬೆರಳುದ್ದದ ಡ್ಯಾಕನ್ನೂ ಅವನಿಗೇ ಕೊಟ್ಟೆ. ಕಪ್ಪು ಪೆಟ್ಟಿಗೆಯನ್ನು ಮಾತ್ರ ಹಿಂದೆ ಕೊಡಲು ಅವನು ಬಿಡಲಿಲ್ಲ. "ಅದರಲ್ಲೇ ಚೆಂಡೆ ಕೇಳಿದ್ದು. ನೀನು ಎಂತ ಬೇಕಾದರೂ ಹೇಳು" ಎಂದ. ಹಾಗಾಗಿ ಅದನ್ನು ಕೊಂಡೆ.

ದೀಪಾವಳಿ ಕಳೆಯಿತು, ಮೇಳ ಹೊರಟಿತು. ನಗರದ ಮೈದಾನದಲ್ಲಿ ಸಂಜೆಗೆ ಆಟ. ನಾವು ಮೊದಲೆಲ್ಲ ಕೂರುತ್ತಿದ್ದ ಕಡೆಯಿಂದ ನೋಡಿದರೆ ಚೆಂಡೆ ನಮ್ಮ ಎಡಕ್ಕೆ. ಅವನು ಕುರ್ಚಿ ಎತ್ತಿಕೊಂಡು ಮೈದಾನದ ಆಚೆ ತುದಿಗೆ ಹೋದ, ಚೆಂಡೆ ಬಲಕ್ಕೆ ಬರುವ ಹಾಗೆ ಓರೆಯಾಗಿ ಕೂತ. ಅವನ ಬಲಕ್ಕೆ ಜಾಗವಿರಲಿಲ್ಲ, ನಾನು ಎಡಕ್ಕೆ ಕುರ್ಚಿ ಹಾಕಿದೆ.

ವೇಷ ಬಂತು, ಪೆಟ್ಟು ಬಿತ್ತು. "ಹೇಗುಂಟು?" ಎಂದೆ. ಅವನು ಚೆಂಡೆಯ ಕಡೆಗೇ ಬಾಗಿ ಕೂತಿದ್ದ. ಸ್ವಲ್ಪ ಹೊತ್ತಿಗೆ ಒಬ್ಬ ವೇಷಧಾರಿ ಹೆಜ್ಜೆ ತಪ್ಪಿದ. ಪಕ್ಕಕ್ಕೆ ತಿರುಗಿ, ಎರಡು ವರ್ಷದಿಂದ ಕೂಡಿಟ್ಟಿದ್ದ ಬೈಗುಳವನ್ನು ಹೊರಗೆ ತೆಗೆದೆ. ಅದೂ ಅವನಿಗೆ ಕೇಳಲಿಲ್ಲ. ನನ್ನ ಮಾತು ಹೋಗುತ್ತಿದ್ದುದು ಅವನ ಎಡಗಿವಿಗೆ.

ಅವನ ಬಲಗೈ ಅವನ ತೊಡೆಯ ಮೇಲಿತ್ತು, ಎಡಗೈ ನನ್ನ ಮೊಣಕಾಲಿನ ಮೇಲೆ. ಎರಡೂ ಚೆಂಡೆ ಬಾರಿಸುತ್ತಿದ್ದವು. ನಾನು ಕಾಲು ಅಲುಗಿಸದೆ, ಬಾಯಿ ಮುಚ್ಚಿಕೊಂಡು ಕೂತೆ.