ಸಾಹೇಬರಿಗೆ ಬೇಕಾದ ನಡುಕ

ರೋಣದ ಎಂಜಿನಿಯರ್ ಸಾಹೇಬರೊಬ್ಬರ ಕಚೇರಿಯಲ್ಲಿ ಅಪ್ಪ ಮನೆಗಳ ನಕ್ಷೆ ಬರೆಯುತ್ತಿದ್ದ. ವಯಸ್ಸಾದಂತೆ ಕೈ ನಡುಗತೊಡಗಿತು, ಗೆರೆ ಮೂಲೆ ದಾಟಿ ಮುಂದೆ ಹೋಗತೊಡಗಿತು.

‘ನಕ್ಷೆ ಅಂದ್ರ ಗೆರಿ ಸೀದಾ ಇರಬೇಕು ಕಾಕಾ. ನೀವಿನ್ನ ಮನ್ಯಾಗ ಆರಾಮ ಇರ್ರಿ,’ ಎಂದರು ಸಾಹೇಬರು. ಗದಗಿನಲ್ಲಿ ಕಂಪ್ಯೂಟರ್ ಕಲಿತು ಬಂದಿದ್ದ ನನ್ನನ್ನು ಅಪ್ಪನ ಜಾಗದಲ್ಲೇ ಕೂರಿಸಿದರು.

ಅಪ್ಪನಿಗೆ ಆರಾಮ ಬೇಕಿರಲಿಲ್ಲ, ಕಚೇರಿ ಬೇಕಿತ್ತು. ದಿನವೂ ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ಮನೆಗೆ ಬಂದೊಡನೆ ಒಂದೇ ಪ್ರಶ್ನೆ: ‘ಸಾಹೇಬ್ರು ನನ್ನ ಕರದ್ರೇನೋ?’

ಆಮೇಲೆ ಹೊಸ ಸಾಫ್ಟ್‌ವೇರ್ ಬಂತು. ಇನ್ನೂ ಕಟ್ಟದ ಮನೆಯನ್ನು ಪರದೆಯ ಮೇಲೆ ನಿಲ್ಲಿಸಿ ಸುತ್ತಲೂ ತಿರುಗಿಸಬಹುದು. ಅದರಲ್ಲೊಂದು ಆಟವಿತ್ತು: ಮೌಸ್ ಒತ್ತಿದರೆ ಸೀದಾ ಗೆರೆಗಳೆಲ್ಲ ಪೆನ್ಸಿಲಿನಿಂದ ಬರೆದಂತೆ ಡೊಂಕಾಗಿ, ನಡುಗಿ, ಮೂಲೆ ದಾಟುತ್ತಿದ್ದವು. ಸಾಹೇಬರು ನನ್ನ ಬೆನ್ನ ಹಿಂದೆ ನಿಂತು ಹಿಗ್ಗಿದರು.

‘ಇನ್ನೊಂದೀಟ ನಡುಗಸೋ. ಕೈಲೆ ಬರೆದಂಗ ಕಾಣಲಿ.’

ಹಲ್ಲು ಕಚ್ಚಿಕೊಂಡು ನಡುಗಿಸಿದೆ.

ಆ ಮನೆ ಗಜೇಂದ್ರಗಡದ ಬಟ್ಟೆ ಅಂಗಡಿಯ ಚಾಚಾರದು. ಅವರು ನಾವು ಮುದ್ರಿಸಿ ಕೊಟ್ಟ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಮೂಲೆಯ ಮೇಲೆ ಬೆರಳಿಟ್ಟರು.

‘ಸಾಹೇಬ್ರ, ಗ್ವಾಡಿ ನನ್ನ ಜಾಗಾ ದಾಟಿ ಹೊಂಟೈತಲ್ರಿ! ಬಾಜೂದಾಂವ ಮೊದಲ ಜಗಳಕ್ಕ ನಿಂತಾನ. ಇದನ್ನ ನೋಡಿದ್ರ ಬಡಿಗಿ ತಗೊಂಡ ಬರತಾನ.’

‘ಕೈಕೆಲಸ ಐತ್ರಿ ಚಾಚಾ,’ ಸಾಹೇಬರು ನಕ್ಕರು. ‘ಕೈ ಅಂದಮ್ಯಾಲ ಅಷ್ಟ ನಡುಗೂದ. ಅದರಾಗನ ಜೀವಾ ಇರೂದು.’

‘ಜೀವಾ ನಿಮ್ಮ ಹಾಳ್ಯಾಗ ಇರ್ಲಿ. ಗ್ವಾಡಿ ನನ್ನ ಜಾಗಾದಾಗ ಇರ್ಲಿ.’

ನನ್ನ ಮೈಯೆಲ್ಲ ಉರಿಯಿತು. ‘ಹಂಗಾರ ಅಪ್ಪನ್ನ ಕರೀರಿ. ಅವನ ಕೈ ನಡಗಾಕ ಕರೆಂಟೂ ಬೇಕಾಗಂಗಿಲ್ಲ,’ ಎಂದೆ.

ಇದನ್ನು ಎಲ್ಲರಿಗೂ ಹೀಗೇ ಹೇಳುತ್ತ ಬಂದಿದ್ದೇನೆ. ಹೇಳಿದಷ್ಟೂ ನನ್ನ ದನಿ ಏರಿದೆ. ಒಂದು ಸಲವಂತೂ ಮೇಜು ಗುದ್ದಿದ್ದೆ ಎಂದೂ ಸೇರಿಸಿದ್ದೆ. ಈ ಶೂರನ ಮೇಲೆ ನನಗೆ ನಂಬಿಕೆಯಿಲ್ಲ. ಬಹುಶಃ ಗೊಣಗಿದ್ದೆ, ಅಷ್ಟೇ. ಆದರೆ ಸಾಹೇಬರಿಗೆ ಕೇಳಿಸಿತ್ತು. ಅವರ ಉತ್ತರ ಮಾತ್ರ ನಾನು ಕಟ್ಟಿದ್ದಲ್ಲ. ಅಂಥದ್ದನ್ನು ಕಟ್ಟುವಷ್ಟು ಕೆಟ್ಟವನಲ್ಲ ನಾನು.

‘ನಿಮ್ಮಪ್ಪಂದು ಖರೇನ ನಡಗತೈತೋ. ಅದು ಚಲೋ ಕಾಣಂಗಿಲ್ಲ.’

ಸಂಜೆ ಅಪ್ಪ ಕಟ್ಟೆಯ ಮೇಲಿದ್ದ. ‘ಸಾಹೇಬ್ರು ನನ್ನ...’

‘ಮೊದಲ ಆ ಅಂಗಿ ತಗದ ಒಗಿ!’ ಚೀರಿದೆ. ಓಣಿಯ ಮಂದಿ ತಿರುಗಿ ನೋಡಿದರು.

ಅಪ್ಪ ಕೊರಳ ಗುಂಡಿಗೆ ಕೈ ಹಾಕಿದ. ಬೆರಳು ಜಾರಿತು. ಮತ್ತೆ ಹಾಕಿದ.