ರಜಾಯಿ ಮುಚ್ಚಿದ ಜಾಲರಿ

ಕೋವಿಡ್ ಮುಗಿದ ಮೇಲಿನ ಎರಡನೇ ಬೇಸಿಗೆ. ತುಮಕೂರಿನ ಏರ್ ಕಂಡೀಷನಿಂಗ್ ಕಂಪನಿಯೊಂದರಲ್ಲಿ ನಾನು ಸರ್ವೀಸ್ ಸೂಪರ್‌ವೈಸರ್ ಆಗಿದ್ದೆ. ಕುಣಿಗಲ್‌ನ ಟಿಂಬರ್ ವ್ಯಾಪಾರಿ ರಿಯಾಜ್ ಬೆಳಿಗ್ಗೆಯೇ ಫೋನ್ ಮಾಡಿದರು.

"ಎಸಿ ತಣ್ಣಗಾಗ್ತಿಲ್ಲ ಸಾರ್. ತಂಗಿಗೆ ಮೈ ಸುಡ್ತಾ ಐತೆ."

ಆ ಮನೆಗೆ ಸೆಂಟ್ರಲ್ ಎಸಿ ಹಾಕಿಸಿದ್ದೇ ತಂಗಿ ನಸ್ರೀನ್‌ಗಾಗಿ. ಶಾಲಾ ಶಿಕ್ಷಕಿಯಾಗಿದ್ದ ಆಕೆ ಕ್ಯಾತ್ಸಂದ್ರದ ಬಳಿ ಸ್ಕೂಟರ್‌ನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಕತ್ತಿನ ಕೆಳಗೆ ಚಲನೆಯೂ ಇಲ್ಲ, ಬೆವರೂ ಇಲ್ಲ. ಬೆವರದ ದೇಹ ತಾನಾಗಿ ತಣಿಯದು. ಕೋಣೆ ಕಾದರೆ ಆಕೆಯ ಮೈಯೂ ಕಾಯುತ್ತದೆ.

ನಾನು ಹೋದಾಗ ರಿಯಾಜ್ ಬಾಗಿಲಲ್ಲೇ ನಿಂತಿದ್ದರು. "ಗ್ಯಾಸ್ ಖಾಲಿಯಾಗಿರ್ಬೇಕು, ತುಂಬ್ಸಿ ಬುಡಿ."

ನಮ್ಮ ಕಡೆ ಎಸಿ ಕೆಟ್ಟರೆ ಎಲ್ಲರೂ ಹೇಳುವುದು ಇದನ್ನೇ. ನನ್ನ ಕ್ರಮ ಬೇರೆ: ಮೊದಲು ಗಾಳಿಯ ದಾರಿ, ಆಮೇಲೆ ಕಾಯಿಲ್, ಗ್ಯಾಸ್ ಕೊನೆಗೆ. ಸೆಂಟ್ರಲ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ. ಕೋಣೆಗಳ ಗಾಳಿಯನ್ನೇ ರಿಟರ್ನ್ ಜಾಲರಿಗಳಿಂದ ಎಳೆದು, ಕಾಯಿಲ್ ಎಂಬ ತಣ್ಣನೆಯ ಕೊಳವೆ ಸುರುಳಿಯ ಮೇಲೆ ಹಾಯಿಸಿ, ಡಕ್ಟ್ ಎಂಬ ಕೊಳವೆಯಲ್ಲಿ ಮತ್ತೆ ಕೋಣೆಗಳಿಗೆ ಕಳಿಸುತ್ತದೆ. ಹಿಂದಿರುಗುವ ಗಾಳಿ ಕಡಿಮೆಯಾದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ, ಕೋಣೆಗೆ ತಂಪು ಬರುವುದು ನಿಲ್ಲುತ್ತದೆ. ಅಲ್ಲಿ ಗಡ್ಡೆ ಕಟ್ಟಿತ್ತು.

ರಿಯಾಜ್ ಸ್ಕ್ರೂಡ್ರೈವರ್ ಎತ್ತಿಕೊಂಡರು. "ಕೆರೆದು ತೆಗ್ದುಬಿಡ್ಲಾ?"

"ಕಾಯಿಲ್ ತೂತಾದ್ರೆ ವಾರಗಟ್ಟಲೆ ಎಸಿ ಇರಲ್ಲ. ಇಡಿ ಕೆಳಗೆ."

ಕಂಪ್ರೆಸರ್ ನಿಲ್ಲಿಸಿ, ಗಡ್ಡೆ ಕರಗಲೆಂದು ಫ್ಯಾನ್ ಮಾತ್ರ ಓಡಿಸಿ, ನಸ್ರೀನ್ ಕೋಣೆಗೆ ಹೋದೆ. ಆಕೆಯನ್ನು ನೋಡಿಕೊಳ್ಳುವ ಗಂಗಮ್ಮ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅಲ್ಲಿಯ ರಿಟರ್ನ್ ಜಾಲರಿಗೆ ದಪ್ಪ ರಜಾಯಿ ಬಿಗಿದಿತ್ತು.

"ನಾನೇ ಕಟ್ಟಿದ್ದು ಸಾ. ಚಳಿ ಅಂದ್ಲು ಮಗ," ಎಂದಳು ಗಂಗಮ್ಮ.

ರಜಾಯಿ ಬಿಚ್ಚಿದೆ. "ತೆಗೀಬೇಡಿ ಅಂಕಲ್," ಎಂದಳು ನಸ್ರೀನ್. ಅಷ್ಟರಲ್ಲಿ ಜಾಲರಿಯಿಂದ ರಿಯಾಜ್ ದನಿ ಕೇಳಿತು. ಹಾಲ್‌ನಲ್ಲಿ ಫೋನಿನಲ್ಲಿದ್ದರು, ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟ. "ಇನ್ನೆಷ್ಟು ವರ್ಷ ಅಂತ ಇವ್ಳನ್ನ ನೋಡ್ಕೊಳ್ಳೋದು ಕಣೋ? ಬೆಂಗ್ಳೂರಲ್ಲಿ ಇಂಥೋರನ್ನ ಇಟ್ಕೊಳ್ಳೋ ಒಂದು ಹೋಮ್ ನೋಡು ಅಂದಿದ್ನಲ್ಲ, ಏನಾಯ್ತು?"

ಗಂಗಮ್ಮ ಹಿಂಡುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. ನಸ್ರೀನ್ ಕಣ್ಣು ಮುಚ್ಚಿದಳು. ಹಾಲ್‌ನದೂ ಆ ಕೋಣೆಯದೂ ಒಂದೇ ರಿಟರ್ನ್ ಡಕ್ಟ್. ರಜಾಯಿ ಕಟ್ಟಿಸಿದ್ದು ಚಳಿಗಲ್ಲ.

ಮಧ್ಯಾಹ್ನ ಗಡ್ಡೆ ಕರಗಿದ ಮೇಲೆ ಕಂಪ್ರೆಸರ್ ಓಡಿಸಿದೆ, ಕೋಣೆಗೆ ಮತ್ತೆ ತಣ್ಣನೆಯ ಗಾಳಿ ಬಂತು. ಸಂಜೆಗೆ ಆಕೆಯ ಮೈಕಾವು ಇಳಿಯಿತು. ಹೊರಡುವಾಗ ರಿಯಾಜ್‌ಗೆ ಹೇಳಿದೆ: "ಹಾಲ್‌ನಲ್ಲಿ ಆಡಿದ ಮಾತು ಆ ಕೋಣೆಗೆ ಕೇಳ್ಸುತ್ತೆ."

"ಯಾವಾಗಿಂದ?"

"ಎಸಿ ಹಾಕಿದಾಗಿಂದ."

ಅವರು ಮೆಟ್ಟಿಲ ಮೇಲೆ ಕುಳಿತರು. ಗ್ಯಾಸ್ ವಿಷಯ ಮತ್ತೆ ಎತ್ತಲಿಲ್ಲ.

ಮುಂದಿನ ವಾರ ಡಕ್ಟ್‌ಗೆ ಒಂದು ತಿರುವು ಕೊಟ್ಟು, ಒಳಗೆ ಸದ್ದು ಹೀರುವ ಪದರ ಹಾಕಿಸಿದೆ. ಕೆಲಸ ಮುಗಿದಾಗ ನಸ್ರೀನ್ ಕೇಳಿದಳು: "ಇನ್ಮೇಲೆ ಅವ್ರು ಏನು ತೀರ್ಮಾನ ಮಾಡಿದ್ರೂ ನಂಗೆ ಗೊತ್ತಾಗಲ್ಲ, ಅಲ್ವಾ ಅಂಕಲ್?"

ಕೇಳಿಸುವುದಿಲ್ಲ ಎಂದಷ್ಟೇ ಹೇಳಿದೆ.

ಗಾಳಿಯ ದಾರಿಯನ್ನು ಸರಿಮಾಡುವುದು ನನಗೆ ಗೊತ್ತಿತ್ತು. ಆ ದಾರಿಯಲ್ಲಿ ಮಾತೂ ಓಡಾಡುತ್ತದೆ ಎಂಬುದನ್ನು ಕಲಿಸಿದ್ದು ಆ ಮನೆ. ಈಗ ಯಾರಾದರೂ ಹೊಸ ಮನೆಯ ನಕ್ಷೆ ತಂದು ತೋರಿಸಿದರೆ, ಎಷ್ಟು ಟನ್ ಎಸಿ ಬೇಕು ಎಂದು ಲೆಕ್ಕ ಹಾಕುವ ಮೊದಲು ಕೇಳುತ್ತೇನೆ: ಯಾವ ಕೋಣೆಯಲ್ಲಿ ಯಾರು ಮಲಗುತ್ತಾರೆ, ಅವರು ಎದ್ದು ಹೊರಗೆ ಬರಬಲ್ಲರೇ?